ಮುಚ್ಚಳ ತೆಗೆದು ನೋಡದೆ ಗುಜರಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಜಿಲ್ಲೆಯ ಶಾಲೆಗಳಲ್ಲಿ, ಸಹಕಾರ ಸಂಘಗಳಲ್ಲಿ, ಪಂಚಾಯ್ತಿಯ ಅರಿವು ಕೇಂದ್ರಗಳಲ್ಲಿ (ಊರ ಗ್ರಂಥಾಲಯಗಳಲ್ಲಿ) ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿರುವ ಹಳೇ ಕಂಪ್ಯೂಟರ್‌ಗಳ ಬಗ್ಗೆ ಈ ಪತ್ರ. ಅವುಗಳಲ್ಲಿ ಸುಮಾರು ಮಷಿನ್‌ಗಳು ಕೆಟ್ಟಿಲ್ಲ. ರ್ಯಾಮ್, ಅಂದರೆ ಕೆಲಸ ಮಾಡುವಾಗ ಕಂಪ್ಯೂಟರ್ ಎಲ್ಲವನ್ನೂ ತೆರೆದಿಟ್ಟುಕೊಳ್ಳುವ ಮೆಮೊರಿ, ಕಡಿಮೆ ಇದೆ, ಅಷ್ಟೇ. ಕೇಳಿದರೆ "ಅದು ತುಂಬಾ ಸ್ಲೋ ಮೇಡಂ, ಹೊಸದಕ್ಕೆ ಬರೆದು ಹಾಕಿದೀವಿ" ಅನ್ನುತ್ತಾರೆ. ಹೊಸದು ಬರುವ ತನಕ ಮಾಸ್ತರರು ಎಸ್‌ಎಟಿಎಸ್ (ಮಕ್ಕಳ ದಾಖಲೆಯ ಸರ್ಕಾರಿ ಪೋರ್ಟಲ್) ಎಂಟ್ರಿಯನ್ನು ತಮ್ಮ ಮೊಬೈಲಿನಲ್ಲಿ, ತಮ್ಮ ಡೇಟಾ ಖರ್ಚು ಮಾಡಿ ಮಾಡುತ್ತಾರೆ. ಸಂಘದ ಗುಮಾಸ್ತರು ಒಂದು ಪಹಣಿ ತೆಗೆಯೋಕೆ ಪಕ್ಕದ ಆನ್‌ಲೈನ್ ಸೆಂಟರ್‌ಗೆ ಹೋಗುತ್ತಾರೆ.

ನಾನು ಸಾಗರದಲ್ಲಿ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇಟ್ಟುಕೊಂಡವಳು. ಕಂಪ್ಯೂಟರ್ ಮಾರುವವಳಲ್ಲ, ರ್ಯಾಮ್ ಮಾರುವವಳೂ ಅಲ್ಲ, ಹಾಗಾಗಿ ಇದರಲ್ಲಿ ನನಗೆ ಕಮಿಷನ್ ಏನೂ ಇಲ್ಲ. ಆದರೆ ಮದುವೆ ಕಾರ್ಡು, ಸಂಘದ ವಾರ್ಷಿಕ ವರದಿ ಅಂತ ಬರುವವರೆಲ್ಲ ಇದೇ ಪ್ರಶ್ನೆ ಕೇಳುತ್ತಾರೆ: "ಹತ್ತು ಹನ್ನೆರಡು ವರ್ಷದ ಕಂಪನಿ ಕಂಪ್ಯೂಟರ್ ಇದೆ, ಇಟ್ಟುಕೊಳ್ಳೋದಾ, ಬಿಸಾಡೋದಾ?" ಕಂಪ್ಯೂಟರ್ ಅಂಗಡಿಯವರು ಬಿಸಾಡಿ ಅಂತ ಹೇಳಿರುತ್ತಾರೆ. ಅಂಗಡಿಯವರು ಬೇರೇನು ಹೇಳುತ್ತಾರೆ ಹೇಳಿ!

2010ರಿಂದ 2015ರ ಒಳಗೆ ಬಂದ ಇಂಥ ಕಂಪನಿ ಕಂಪ್ಯೂಟರ್‌ಗಳಲ್ಲಿ, ಅಂದರೆ ಕಂಪನಿಯೇ ಜೋಡಿಸಿ ಕೊಟ್ಟ ರೆಡಿಮೇಡ್ ಡೆಸ್ಕ್‌ಟಾಪ್‌ಗಳಲ್ಲಿ, 2 ಜಿಬಿ, ಹೆಚ್ಚೆಂದರೆ 4 ಜಿಬಿ ರ್ಯಾಮ್ ಇರುತ್ತಿದ್ದದ್ದೇ ಜಾಸ್ತಿ. ಆಗಿನ ಕಾಲಕ್ಕೆ ಅದು ಸಾಕಿತ್ತು. ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲಿ ಒಂದು ಅರ್ಜಿ ಟೈಪ್ ಮಾಡಿ ಪ್ರಿಂಟ್ ತೆಗೆಯೋಕೆ ಈಗಲೂ ಸಾಕು. ಸಾಲದೇ ಬರೋದು ಬ್ರೌಸರ್ ತೆರೆದಾಗ. ಈಗಿನ ವೆಬ್‌ಸೈಟ್‌ಗಳು ಭಾರ. ಒಂದು ಸರ್ಕಾರಿ ಪೋರ್ಟಲ್, ಒಂದು ಮೇಲ್, ಪಕ್ಕದಲ್ಲಿ ವಾಟ್ಸಾಪ್ ವೆಬ್, ಹಿಂದೆ ಒಂದು ಆಂಟಿವೈರಸ್, ಇಷ್ಟಕ್ಕೇ 4 ಜಿಬಿ ತುಂಬಿ ಹೋಗುತ್ತದೆ. ನಮ್ಮ ಕಡೆಯವರಿಗೆ ಅರ್ಥ ಆಗುವ ಹಾಗೆ ಹೇಳುವುದಾದರೆ ರ್ಯಾಮ್ ಅಡಿಕೆ ಹರವುವ ಅಂಗಳ, ಹಾರ್ಡ್ ಡಿಸ್ಕ್ ಅಟ್ಟ. ಅಂಗಳ ಚಿಕ್ಕದಾದರೆ ಸ್ವಲ್ಪ ಹರವಿ, ಅದನ್ನು ಬಾಚಿ ಅಟ್ಟಕ್ಕೆ ಹೊತ್ತು, ಇನ್ನೊಂದಿಷ್ಟು ಕೆಳಗಿಳಿಸಿ ಹರವಬೇಕು. ಕೆಲಸಕ್ಕಿಂತ ಹೊರೋದೇ ಜಾಸ್ತಿ. ಡಬ್ಬದ ಮುಂದಿನ ಸಣ್ಣ ದೀಪ ಒಂದೇ ಸಮ ಉರಿಯುತ್ತಾ, ಒಳಗೆ ಕರಕರ ಅಂತ ಸದ್ದು ಬರುತ್ತಾ, ಮೌಸ್ ಒತ್ತಿದ್ದಕ್ಕೆ ಅರ್ಧ ನಿಮಿಷ ಬಿಟ್ಟು ಉತ್ತರ ಬರೋದು ಇದಕ್ಕೇ. ಡಿಸ್ಕ್ ಎಷ್ಟೇ ಓಡಿದರೂ ರ್ಯಾಮಿನ ವೇಗಕ್ಕೆ ಹತ್ತಿರವೂ ಬರಲ್ಲ.

ಆದರೆ ಸ್ಲೋ ಅಂದ ತಕ್ಷಣ ರ್ಯಾಮ್ ಹಾಕಿಸಿಬಿಡಿ ಅಂತ ನಾನು ಹೇಳುತ್ತಿಲ್ಲ. ಮೊದಲು ನೋಡಿ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ದಿನಾ ಮಾಡುವ ಕೆಲಸವನ್ನೇ ಮಾಡುತ್ತಾ, ಅದೇ ಬ್ರೌಸರ್, ಅದೇ ಪೋರ್ಟಲ್ ತೆರೆದಿಟ್ಟುಕೊಂಡು, ಅಲ್ಲಿ ಮೆಮೊರಿ ಎಷ್ಟು ಶೇಕಡಾ ತೋರಿಸುತ್ತದೆ ನೋಡಿ. ಯಾವಾಗಲೂ 85, 90ರ ಮೇಲೆಯೇ ಇದ್ದರೆ ರ್ಯಾಮ್ ಸಾಲದು, ಹಾಕಿಸಿದರೆ ಗೊತ್ತಾಗುವಷ್ಟು ವ್ಯತ್ಯಾಸ ಬರುತ್ತದೆ. ಮೆಮೊರಿ ಅರ್ಧ ಖಾಲಿ ಇದ್ದೂ ಡಿಸ್ಕ್ ಮಾತ್ರ 100 ಅಂತ ನಿಂತಿದ್ದರೆ ರ್ಯಾಮಿಗೆ ದುಡ್ಡು ಹಾಕಬೇಡಿ. ಆ ದುಡ್ಡಿಗೆ ಒಂದು ಸಣ್ಣ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿಸಿ. ಎರಡೂ ತುಂಬಿದ್ದರೆ ಮೊದಲು ರ್ಯಾಮ್, ಆಮೇಲೂ ಡಿಸ್ಕ್ ಹಾಗೇ ನಿಂತಿದ್ದರೆ ಎಸ್‌ಎಸ್‌ಡಿ. ವಿಂಡೋಸ್ 10ರ ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್ ಅಂತ ಇದೆಯಲ್ಲ, ಅದರಲ್ಲಿ ಮೆಮೊರಿ ಒತ್ತಿದರೆ ರ್ಯಾಮ್ ಕೂರಿಸುವ ಜಾಗ, ಅಂದರೆ ಸ್ಲಾಟ್, ಎಷ್ಟು ಇವೆ, ಎಷ್ಟು ತುಂಬಿವೆ ಅಂತ ಕೂಡ ಬರುತ್ತದೆ. ಎರಡರಲ್ಲಿ ಒಂದು ಖಾಲಿ ಅಂತ ಕಂಡರೆ ನಿಮ್ಮ ಅದೃಷ್ಟ. ಇನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳುವ "ರ್ಯಾಮ್ ಬೂಸ್ಟರ್" ಪ್ರೋಗ್ರಾಮ್‌ಗಳಿಂದ ಏನೂ ಬೂಸ್ಟ್ ಆಗಲ್ಲ. ಅವೂ ರ್ಯಾಮಿನಲ್ಲೇ ಜಾಗ ತಿನ್ನುತ್ತವೆ.

"ಕಂಪನಿ ಮಷಿನ್‌ಗೆ ಪಾರ್ಟ್ ಸಿಗಲ್ಲ" ಅನ್ನೋ ಮಾತು ಅರ್ಧ ನಿಜ. ಎಷ್ಟೋ ರೆಡಿಮೇಡ್ ಡೆಸ್ಕ್‌ಟಾಪ್‌ಗಳಲ್ಲಿ ಪವರ್ ಸಪ್ಲೈ, ಮದರ್‌ಬೋರ್ಡ್ ಆ ಕಂಪನಿಯದೇ ಅಳತೆಯವು, ಅವು ಹೋದರೆ ಕಷ್ಟ. ರ್ಯಾಮ್ ಹಾಗಲ್ಲ. ಅದು ಎಲ್ಲ ಕಂಪನಿಗೂ ಒಂದೇ ಅಳತೆ. ಮೊದಲು ನೋಡಬೇಕಾದ್ದು ಯಾವ ತಲೆಮಾರಿನದು ಅಂತ. 2007ರ ಹೊತ್ತಿಗೆ ಬಂದ ಡಿಡಿಆರ್3, 2014ರಲ್ಲಿ ಬಂದ ಡಿಡಿಆರ್4, ಅದಕ್ಕೂ ಮೊದಲಿನ ಡಿಡಿಆರ್2, ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ. ಕೆಳಗಿನ ಅಂಚಿನಲ್ಲಿರುವ ಕಚ್ಚು ಬೇರೆ ಬೇರೆ ಕಡೆ ಇರುತ್ತದೆ, ಕುಡಿಯುವ ವೋಲ್ಟೇಜೂ ಬೇರೆ: ಡಿಡಿಆರ್2ಕ್ಕೆ 1.8, ಡಿಡಿಆರ್3ಕ್ಕೆ 1.5, ಡಿಡಿಆರ್4ಕ್ಕೆ 1.2. ಬಲವಂತವಾಗಿ ಒತ್ತಿದರೆ ಸ್ಲಾಟ್ ಮುರಿಯುತ್ತದೆ. ನಾನು ಹೇಳುತ್ತಿರುವ ಕಾಲದ ಮಷಿನ್‌ಗಳಲ್ಲಿ ಹೆಚ್ಚಿನವು ಡಿಡಿಆರ್3. ರ್ಯಾಮಿನ ಪಟ್ಟಿಗೆ ಸ್ಟಿಕ್ ಅನ್ನುತ್ತಾರೆ, ಅದರ ಮೇಲಿನ ಚೀಟಿಯಲ್ಲಿ ಪಿಸಿ3 ಅಂತ ಶುರುವಾಗುವ ಅಕ್ಷರ ಇದ್ದರೆ ಅದೇ. ಪಿಸಿ3ಎಲ್ ಅಂತ ಇದ್ದರೆ 1.35 ವೋಲ್ಟ್‌ನಲ್ಲೂ ಓಡುವಂಥದ್ದು, ಅದು ಸಾಮಾನ್ಯವಾಗಿ 1.5ರ ಬೋರ್ಡಿನಲ್ಲೂ ನಡೆಯುತ್ತದೆ. ವೇಗ 1333, 1600 ಅಂತ ಬೇರೆ ಬೇರೆ ಇದ್ದರೂ ತಲೆಕೆಡಿಸಿಕೊಳ್ಳಬೇಡಿ, ಎರಡೂ ಸೇರಿ ಕಡಿಮೆಯದರ ವೇಗಕ್ಕೆ ಇಳಿದು ಓಡುತ್ತವೆ. ಟಿವಿ ಹಿಂದೆ ಕಟ್ಟುವಷ್ಟು ಸಣ್ಣ ಡಬ್ಬ, ಅಥವಾ ಸ್ಕ್ರೀನ್ ಒಳಗೇ ಎಲ್ಲಾ ಇರುವ ಮಾದರಿ ಆಗಿದ್ದರೆ ಮಾತ್ರ ಹುಷಾರು. ಅವಕ್ಕೆ ಹೆಚ್ಚಾಗಿ ಲ್ಯಾಪ್‌ಟಾಪಿನ ಗಿಡ್ಡ ರ್ಯಾಮ್ ಬೇಕು.

ಬೋರ್ಡ್ ಎಷ್ಟು ತಡೆದುಕೊಳ್ಳುತ್ತದೆ ಅನ್ನೋದಕ್ಕೂ ಮಿತಿ ಇದೆ. ಇಂಟೆಲ್ ಕಂಪನಿಯ ಜಿ41 ಚಿಪ್‌ಸೆಟ್ (ಬೋರ್ಡಿನ ಮುಖ್ಯ ಚಿಪ್) ಇರುವ ಹಳೇ ಬೋರ್ಡ್‌ಗಳಿಗೆ ಒಟ್ಟು 8 ಜಿಬಿ ಗರಿಷ್ಠ. 2011ರ ನಂತರ ಎಲ್ಲೆಲ್ಲೂ ಕಂಡ ಎಚ್61 ಬೋರ್ಡ್‌ಗಳಲ್ಲಿ ಎರಡು ಸ್ಲಾಟ್, ಒಟ್ಟು 16. ಕಂಪನಿಯವರು ತಮ್ಮ ಕೈಪಿಡಿಯಲ್ಲಿ ಇದಕ್ಕಿಂತ ಕಡಿಮೆ ಬರೆದಿರುವುದೂ ಉಂಟು. ಡಬ್ಬದ ಹಿಂದೆಯೋ ಪಕ್ಕದಲ್ಲೋ ಅಂಟಿಸಿರುವ ಮಾಡೆಲ್ ನಂಬರ್ ಬರೆದುಕೊಂಡು ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿದರೆ ಸಿಗುತ್ತದೆ. ಶಾಲೆ, ಸಂಘದ ಕೆಲಸಕ್ಕೆ 8 ಜಿಬಿ ಧಾರಾಳ. 16 ಹಾಕಿಸಿ ಅಂತ ಯಾರಾದರೂ ಹೇಳಿದರೆ ಯಾಕೆ ಅಂತ ಕೇಳಿ. 8ಕ್ಕೆ ಹೋಗುವವರು ಸಾಧ್ಯ ಇದ್ದರೆ ಒಂದೇ 8ರ ಬದಲು 4ರ ಎರಡು ಹಾಕಿಸಿ. ಎರಡು ಸ್ಟಿಕ್ ಜೊತೆಯಾಗಿ ಕೆಲಸ ಮಾಡುತ್ತವೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮಷಿನ್‌ನಲ್ಲಿ ಚಿತ್ರ ಮೂಡಿಸೋಕೂ ಇದೇ ರ್ಯಾಮ್ ಬಳಕೆ ಆಗೋದರಿಂದ ಸ್ವಲ್ಪ ಲಾಭ ಇದೆ.

ಎಲ್ಲರೂ ಎಡವುವ ಜಾಗ ಬೇರೆ ಇದೆ. ಆ ಕಾಲದ ಎಷ್ಟೋ ಮಷಿನ್‌ಗಳಿಗೆ 32 ಬಿಟ್ ವಿಂಡೋಸ್ ಹಾಕಿ ಕೊಟ್ಟಿದ್ದಾರೆ. ಅದರಲ್ಲಿ ನೀವು 8 ಜಿಬಿ ಹಾಕಿ, 16 ಹಾಕಿ, ಬಳಕೆಗೆ ಸಿಗೋದು 4ರ ಒಳಗೇ, ಸಾಮಾನ್ಯವಾಗಿ ಮೂರು ಚಿಲ್ಲರೆ. ದುಡ್ಡು ಕೊಟ್ಟು ರ್ಯಾಮ್ ಹಾಕಿಸಿ "ಏನೂ ವ್ಯತ್ಯಾಸ ಆಗಲಿಲ್ಲ" ಅಂತ ಬೈಯುವವರ ಮಷಿನ್‌ನಲ್ಲಿ ಮೊದಲು ಇದನ್ನೇ ನೋಡಬೇಕು. ಹೆಚ್ಚು ರ್ಯಾಮ್ ಬಳಸಬಲ್ಲ 64 ಬಿಟ್ ವಿಂಡೋಸ್ ಬೇಕೆಂದರೆ ಫೈಲ್‌ಗಳನ್ನೆಲ್ಲ ಬೇರೆ ಕಡೆ ತೆಗೆದಿಟ್ಟು ವಿಂಡೋಸನ್ನು ಹೊಸದಾಗಿಯೇ ಹಾಕಬೇಕು, ಇರುವುದರ ಮೇಲೆ ಅಪ್‌ಗ್ರೇಡ್ ಆಗಲ್ಲ. ಸಹಕಾರ ಸಂಘದವರಿಗೆ ಇಲ್ಲೊಂದು ಮಾತು. ನಿಮ್ಮಲ್ಲಿ ವಿಂಡೋಸ್‌ಗೂ ಮೊದಲಿನ ಡಾಸ್ ಕಾಲದ ಲೆಕ್ಕದ ಪ್ರೋಗ್ರಾಮ್ ಇನ್ನೂ ನಡೆಯುತ್ತಿದ್ದರೆ ಅದು 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ತೆರೆಯಲ್ಲ. ಹಳೇ ಡಾಸ್ ಪ್ರೋಗ್ರಾಮ್ ಓಡಿಸಿಕೊಡುವ ಡಾಸ್‌ಬಾಕ್ಸ್ ಥರದ ಉಪಾಯ ಇದೆ, ಆದರೆ ಪ್ರಿಂಟಿಂಗ್ ಎಲ್ಲಾ ಸರಿ ಬರುತ್ತಾ ಅಂತ ಬೇರೆ ಮಷಿನ್‌ನಲ್ಲಿ ಪರೀಕ್ಷೆ ಮಾಡಿಕೊಂಡೇ ಕೈಹಾಕಿ. ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗೂ 64 ಬಿಟ್ ಡ್ರೈವರ್ ಇದೆಯಾ ನೋಡಿ. ಮಾರ್ಚ್ ಕೊನೆಯಲ್ಲಿ ಈ ಸಾಹಸ ಬೇಡವೇ ಬೇಡ.

ಈಗ ನನ್ನ ತಕರಾರಿಗೆ ಬರುತ್ತೇನೆ. ನಮ್ಮ ಕಡೆಯ ಒಂದು ಸಣ್ಣ ಸಂಘದವರು 8 ಜಿಬಿ ರ್ಯಾಮ್ ತಂದು ನನ್ನ ಕೈಯಲ್ಲಿ ಹಾಕಿಸಿದರು. ಸ್ಕ್ರೀನ್ ಬರಲೇ ಇಲ್ಲ. ರ್ಯಾಮ್ ಕೊಟ್ಟ ಅಂಗಡಿಗೆ ಫೋನ್ ಮಾಡಿದರೆ "ನಿಮ್ಮ ಬೋರ್ಡ್ ಹೋಗಿದೆ, ಹೊಸ ಸಿಸ್ಟಮ್ ತಗೊಳ್ಳಿ" ಅಂದರು. ಹಳೇ 2 ಜಿಬಿಯನ್ನು ವಾಪಸ್ ಹಾಕಿದರೆ ಮಷಿನ್ ಆರಾಮಾಗಿ ಶುರುವಾಯಿತು! ಸ್ಟಿಕ್ ತಿರುಗಿಸಿ ನೋಡಿದರೆ ಮೂಲೆಯಲ್ಲಿ ಸಣ್ಣದಾಗಿ ಎಎಂಡಿ ಅಂತ ಇತ್ತು. ಅದು ಇಂಟೆಲ್ ಥರ ಪ್ರೊಸೆಸರ್ ಮಾಡುವ ಇನ್ನೊಂದು ಕಂಪನಿ. ಕೆಲವು ಎಎಂಡಿ ಬೋರ್ಡ್‌ಗಳಿಗೆ ಮಾತ್ರ ಹೊಂದುವ, ಬೇರೆ ಥರ ಜೋಡಿಸಿದ ಚಿಪ್‌ಗಳಿರುವ ಅಗ್ಗದ ರ್ಯಾಮ್ ಮಾರುಕಟ್ಟೆಯಲ್ಲಿದೆ, ಇಂಟೆಲ್ ಮಷಿನ್‌ಗೆ ಅದು ಆಗಿಬರಲ್ಲ. ಹಾಗೇ ಸರ್ವರ್ ಅನ್ನೋ ದೊಡ್ಡ ಮಷಿನ್‌ನಿಂದ ಕಿತ್ತ, ರಿಜಿಸ್ಟರ್ಡ್ ಅನ್ನೋ ಬಗೆಯ ರ್ಯಾಮ್ ಕೂಡ ಕಡಿಮೆ ಬೆಲೆಗೆ ಬರುತ್ತದೆ, ನೋಡೋಕೆ ಹಾಗೇ ಇರುತ್ತದೆ, ಸಾಮಾನ್ಯ ಡೆಸ್ಕ್‌ಟಾಪ್‌ನಲ್ಲಿ ಓಡಲ್ಲ. ಅಂಗಡಿಯವರಿಗೆ ಇದು ಗೊತ್ತಿಲ್ಲ ಅಂತ ನಂಬೋದು ಕಷ್ಟ. ಬಿಲ್ಲು ಕೇಳಿದೆ. ಬಿಲ್ಲಿನಲ್ಲಿ ಬರೆದಿದ್ದು "ಕಂಪ್ಯೂಟರ್ ಪಾರ್ಟ್ಸ್ 1". ಅಷ್ಟೇ. ಅದನ್ನು ಹಿಡಿದುಕೊಂಡು ಯಾರ ಹತ್ತಿರ ಏನಂತ ಜಗಳ ಆಡೋದು?

2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ. ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳಲ್ಲ ಅನ್ನುವುದೂ ಹಾಗೇ. ಆದರೆ ಹೊಂದದ ರ್ಯಾಮ್ ಕೆಟ್ಟ ರ್ಯಾಮ್ ಅಲ್ಲ, ನಮ್ಮ ಮಾಲಿನಲ್ಲಿ ದೋಷ ಇಲ್ಲ ಅಂತ ಅವರು ವಾದ ಮಾಡಬಹುದು. ಅದಕ್ಕೇ ಬಿಲ್ಲಿನಲ್ಲಿ ನೀವೇ ಬರೆಸಿ: ಡಿಡಿಆರ್ ಎಷ್ಟು, ಎಷ್ಟು ಜಿಬಿ, ವೇಗ ಎಷ್ಟು, ಹೊಸದೋ ಸೆಕೆಂಡ್ ಹ್ಯಾಂಡೋ, ಗ್ಯಾರಂಟಿ ಎಷ್ಟು ದಿನ, ಮುಖ್ಯವಾಗಿ ಯಾವ ಮಾಡೆಲ್ ಕಂಪ್ಯೂಟರ್‌ಗೆ ಅಂತ ಕೊಟ್ಟಿದ್ದು. ಆ ಒಂದು ಸಾಲು ಇದ್ದರೆ ಮಾತೇ ಬೇರೆ. ತಕರಾರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಶಿವಮೊಗ್ಗಕ್ಕೋ ಬೆಂಗಳೂರಿನ ಕಂಪ್ಯೂಟರ್ ಪಾರ್ಟ್ಸ್ ಪೇಟೆ ಎಸ್‌ಪಿ ರೋಡಿಗೋ ಹೋದವರ ಕೈಯಲ್ಲಿ ತರಿಸುವವರು ಸ್ಟಿಕ್ಕಿನ ಎರಡೂ ಕಡೆ ಫೋಟೋ ಕಳಿಸೋಕೆ ಹೇಳಿ, ನೋಡಿ, ಆಮೇಲೆ ದುಡ್ಡು ಕೊಡಿ.

ಹಾಕುವ ಕೆಲಸ ಏನೂ ದೊಡ್ಡದಲ್ಲ. ವೈರೆಲ್ಲ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಡಬ್ಬದ ಕಬ್ಬಿಣ ಮುಟ್ಟಿ, ಸ್ಲಾಟಿನ ಎರಡೂ ತುದಿಯ ಕ್ಲಿಪ್ ಬಿಚ್ಚಿ, ಕಚ್ಚು ನೋಡಿಕೊಂಡು ನೆಟ್ಟಗೆ ಒತ್ತಿದರೆ ಟಕ್ ಅಂತ ಕೂರುತ್ತದೆ. ಮೈಯಲ್ಲಿರುವ ಸ್ಥಾಯಿ ವಿದ್ಯುತ್ ರ್ಯಾಮಿಗೆ ಹೊಡೆಯೋದು ಒಣ ಹವೆಯಲ್ಲಿ ಜಾಸ್ತಿ, ಹಾಗಾಗಿ ಈ ಒಂದು ವಿಷಯದಲ್ಲಿ ಮಳೆಗಾಲ ನಮ್ಮ ಪರ. ಉಳಿದಂತೆ ಮಳೆಗಾಲ ಕಂಪ್ಯೂಟರಿನ ಶತ್ರುವೇ. ಹೊಸನಗರ, ತೀರ್ಥಹಳ್ಳಿ ಕಡೆಯ ಶಾಲೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮುಚ್ಚಿಟ್ಟ ಮಷಿನ್ ಆಮೇಲೆ ಆನ್ ಮಾಡಿದರೆ ಬರೀ ಬೀಪ್ ಹೊಡೆಯುತ್ತದೆ, ಸ್ಕ್ರೀನ್ ಬರಲ್ಲ. ಎಷ್ಟೋ ಸಲ ಅದು ರ್ಯಾಮಿನ ತುದಿಗೆ ಕಪ್ಪು ಹಿಡಿದಿದ್ದು ಅಷ್ಟೇ. ಸ್ಟಿಕ್ ಹೊರಗೆ ತೆಗೆದು ಮಕ್ಕಳ ಪೆನ್ಸಿಲ್ ರಬ್ಬರ್‌ನಿಂದ ಹಗುರಾಗಿ ಉಜ್ಜಿ, ಪುಡಿಯೆಲ್ಲ ಊದಿ ಹಾಕಿದರೆ ಸುಮಾರು ಮಷಿನ್ ಎದ್ದು ಕೂರುತ್ತವೆ. ಇರುವೆ ಗೂಡು, ಹಲ್ಲಿ ಮೊಟ್ಟೆ ಕಂಡರೆ ಗಾಬರಿ ಬೇಡ, ಬ್ರಷ್ ಸಾಕು.

ಇನ್ನೊಂದು ಹೇಳಬೇಕು. ರ್ಯಾಮ್ ಬದಲಾಯಿಸಿ ಮೊದಲ ಸಲ ಆನ್ ಮಾಡಿದಾಗ ಕೆಲವು ಕಂಪನಿ ಮಷಿನ್‌ಗಳು ಕಪ್ಪು ಸ್ಕ್ರೀನಿನಲ್ಲಿ "ಮೆಮೊರಿ ಅಳತೆ ಬದಲಾಗಿದೆ" ಅಂತ ಇಂಗ್ಲಿಷಿನಲ್ಲಿ ತೋರಿಸಿ ನಿಂತುಬಿಡುತ್ತವೆ. ಕೆಲವದರಲ್ಲಿ ಎರರ್ ಅನ್ನೋ ಮಾತೇ ಇರುತ್ತದೆ. ಜನ ಅಲ್ಲಿಗೇ ಹೆದರಿ ಸ್ವಿಚ್ ಆಫ್ ಮಾಡುತ್ತಾರೆ. ಅದು ಎರರ್ ಅಲ್ಲ, ಕೆಳಗೆ ಹೇಳಿರುವ ಎಫ್1 ಒತ್ತಿದರೆ ಮುಂದೆ ಹೋಗುತ್ತದೆ. ಆಮೇಲೆ ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಒಂದು ಸಲ ಓಡಿಸಿ, ಸೆಕೆಂಡ್ ಹ್ಯಾಂಡ್ ಆದರೆ ಖಂಡಿತ ಓಡಿಸಿ.

ಬೆಲೆಯ ವಿಷಯ. 2025ರ ಕೊನೆಯಿಂದ ರ್ಯಾಮ್ ಬೆಲೆ ವಿಪರೀತ ಏರಿದೆ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಎಷ್ಟಿದ್ದರೂ ಸಾಲದು, ಮಾಡುವ ದೊಡ್ಡ ಕಂಪನಿಗಳೋ ಮೂರೇ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ನಮ್ಮಂಥವರು ಕೊಳ್ಳುತ್ತಿದ್ದ ಕ್ರೂಶಿಯಲ್ ಹೆಸರಿನ ರ್ಯಾಮ್ ವ್ಯಾಪಾರದಿಂದಲೇ ಹೊರಬರುತ್ತೇವೆ ಅಂತ 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ಹೇಳಿತು. ಹೊಸ ಕಂಪ್ಯೂಟರ್ ಒಳಗೂ ಇದೇ ರ್ಯಾಮ್ ಇರೋದರಿಂದ ಅದೂ ಅಗ್ಗ ಆಗಲ್ಲ. ಹಾಗಿರುವಾಗ ಸತ್ತ ಮಷಿನ್‌ನಲ್ಲಿರುವ ಒಳ್ಳೇ ರ್ಯಾಮನ್ನು ಮಣ್ಣುಪಾಲು ಮಾಡೋದು ಯಾವ ಲೆಕ್ಕ?

ನಮ್ಮ ಸರ್ಕಾರಿ ಶಾಲೆಗಳಲ್ಲಿ ಇದು ಸುಲಭವಾಗಿ ಆಗಬೇಕಾದ ಕೆಲಸ. ಲ್ಯಾಬಿನ ಮಷಿನ್‌ಗಳೆಲ್ಲ ಒಂದೇ ಸಲ ಬಂದವು, ಒಂದೇ ಮಾಡೆಲ್, ಒಂದೇ ರ್ಯಾಮ್. ಒಂದರ ಪವರ್ ಸಪ್ಲೈ ಸಿಡಿಲಿಗೆ ಹೋಗಿದೆ, ಇನ್ನೊಂದರ ಬೋರ್ಡ್ ಹೋಗಿದೆ. ಅವುಗಳ ಒಳಗಿನ ರ್ಯಾಮ್ ಚೆನ್ನಾಗಿದೆ. ಕಿತ್ತು ಪಕ್ಕದ್ದಕ್ಕೆ ಹಾಕಿದರೆ 2 ಜಿಬಿ 4 ಆಗುತ್ತದೆ, ಒಂದು ಪೈಸೆ ಖರ್ಚಿಲ್ಲ. ಯಾಕೆ ಮಾಡಲ್ಲ ಅಂದರೆ ಸ್ಟಾಕ್ ರಿಜಿಸ್ಟರ್! ಒಬ್ಬ ಹೆಡ್ ಮಾಸ್ತರರು ನನಗೆ ಹೇಳಿದ್ದು: "ತಾಯೀ, ಡಬ್ಬ ಇಂತಿಷ್ಟು ಅಂತ ಬರೆದಿದೆ. ಒಳಗಿನದು ಕಿತ್ತರೆ ನಾಳೆ ಆಡಿಟ್‌ನವರು ಬಂದು ಇದರ ರ್ಯಾಮ್ ಎಲ್ಲಿ ಅಂದರೆ ನನ್ನ ಪೆನ್ಷನ್‌ನಿಂದ ಕಟ್ ಆಗುತ್ತೆ." ಅವರ ಹೆದರಿಕೆ ತಪ್ಪು ಅಂತ ನಾನು ಹೇಳಲಾರೆ. ಓಡದ ಕಂಪ್ಯೂಟರ್ ಇದ್ದರೆ ಯಾರೂ ಕೇಳಲ್ಲ, ಓಡಿಸೋಕೆ ಹೋದವರನ್ನು ಕೇಳುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ಆಗದ್ದನ್ನೂ ಹೇಳಬೇಕಲ್ಲ. ರ್ಯಾಮ್ ಹಾಕಿದ ತಕ್ಷಣ ಈ ಮಷಿನ್‌ಗಳಿಗೆ ವಿಂಡೋಸ್ 11 ಬರಲ್ಲ. ಅದಕ್ಕೆ ರ್ಯಾಮ್ 4 ಜಿಬಿಯೇ ಕನಿಷ್ಠ, ಆದರೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ಯಾಂಕು, ಸಂಬಳ, ಸಾಲದ ಲೆಕ್ಕವನ್ನು ಅಪ್‌ಡೇಟ್ ಬರದ ವಿಂಡೋಸ್‌ನಲ್ಲಿ ಮಾಡಿ ಅಂತ ನಾನು ಹೇಳಲ್ಲ. 8 ಜಿಬಿ ಮಾಡಿಕೊಂಡು ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿದರೆ ಬ್ರೌಸರ್ ಕೆಲಸವೆಲ್ಲ ಚೆನ್ನಾಗಿ ಆಗುತ್ತದೆ, ದುಡ್ಡು ಕೊಡಬೇಕಾಗಿಲ್ಲ, ಕನ್ನಡ ಕೂಡ ನುಡಿಯ ಅದೇ ಕೀಲಿಮಣೆ ಜೋಡಣೆಯಲ್ಲಿ ಯೂನಿಕೋಡ್ ಆಗಿ ಬರುತ್ತದೆ. ಪುಟ ಜೋಡಿಸುವ ಪೇಜ್‌ಮೇಕರ್, ಹಳೇ ನುಡಿ ಫಾಂಟು ನಂಬಿಕೊಂಡ ನನ್ನಂಥ ಡಿಟಿಪಿಯವರಿಗೆ ಅದು ಒಗ್ಗಲ್ಲ. ನನ್ನ ಹಳೇ ಮಷಿನನ್ನು ಇಂಟರ್‌ನೆಟ್ ಕಿತ್ತು ಬರೀ ಕಾರ್ಡ್ ಕೆಲಸಕ್ಕೆ ಇಟ್ಟುಕೊಂಡಿದ್ದೇನೆ. ಡಿಡಿಆರ್2 ಕಾಲದ್ದಕ್ಕಂತೂ ದುಡ್ಡು ಸುರಿಯಬೇಡಿ. ಡಿಸ್ಕ್ ಅಳಿಸಿ, ಇ-ತ್ಯಾಜ್ಯ ತೆಗೆದುಕೊಳ್ಳುವ ನೋಂದಾಯಿತರಿಗೆ ಕೊಡಿ. ತೂಕದ ಗುಜರಿಗೆ ಬೇಡ.

ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೂ ಜಿಲ್ಲಾ ಪಂಚಾಯ್ತಿಗೂ ನನ್ನ ಕೋರಿಕೆ ಒಂದೇ. ಒಂದೇ ಶಾಲೆಯೊಳಗೆ, ಒಂದು ಮಷಿನ್‌ನಿಂದ ಇನ್ನೊಂದಕ್ಕೆ ರ್ಯಾಮ್, ಡಿಸ್ಕ್ ಬದಲಾಯಿಸಬಹುದು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಬರೆದು ರಿಜಿಸ್ಟರಿನಲ್ಲಿ ಷರಾ ಹಾಕಿದರೆ ಸಾಕು ಅಂತ ಒಂದು ಪುಟದ ಆದೇಶ ಕಳಿಸಿ. ಹೊಸ ಕಂಪ್ಯೂಟರ್‌ಗೆ ಬೇಡಿಕೆ ಬಂದರೆ, ಹಳೆಯದರ ಮಾಡೆಲ್ ನಂಬರ್, ಅದರಲ್ಲಿ ಈಗ ಎಷ್ಟು ರ್ಯಾಮ್ ಇದೆ, ಎಷ್ಟು ಸ್ಲಾಟ್ ಖಾಲಿ ಇದೆ ಅಂತ ಅದೇ ಅರ್ಜಿಯಲ್ಲಿ ಕೇಳಿ. ಸಂಪಾದಕರೇ, ನಿಮ್ಮ ಜಿಲ್ಲಾ ವರದಿಗಾರರು ಮುಂದಿನ ಸಲ ಆ ಕಚೇರಿಗೆ ಹೋದಾಗ ಇದನ್ನೊಂದು ಕೇಳಿ ಉತ್ತರ ಪ್ರಕಟಿಸಿದರೆ ಉಪಕಾರ. ಶಾಲೆಯವರು ಯಾರಾದರೂ ರ್ಯಾಮ್ ತಂದು ಕೊಟ್ಟರೆ, ಭಾನುವಾರ ಬಿಟ್ಟು ಯಾವತ್ತಾದರೂ, ಹಾಕಿಕೊಡೋಕೆ ನಾನು ಚಾರ್ಜ್ ಮಾಡಲ್ಲ.

— ಡಿಟಿಪಿ ಅಂಗಡಿಯ ಓದುಗಿ, ಸಾಗರ